ಹೊಸಬರು ಹೆದರಿ ಬರೆದಾಗ ನಾನೇನು ಹೇಳಲಿ?

ಪ್ರಶ್ನೆ: ನನ್ನ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ. ಆ ದಿನಗಳಲ್ಲಿ ರೋಗಿಗಳದೇ ಒಂದು ಆನ್‌ಲೈನ್ ಗುಂಪು ನನಗೆ ಆಸರೆಯಾಗಿತ್ತು. ಈಗ ಹೊಸದಾಗಿ ಸೇರಿದವರು ಏನಾದರೂ ಕೇಳಿದರೆ ಉತ್ತರಿಸಬೇಕು ಅನ್ನಿಸುತ್ತದೆ. ಆದರೆ ನಾನು ಡಾಕ್ಟರಲ್ಲ. ತಪ್ಪು ಹೇಳಿಬಿಟ್ಟರೆ? ಸುಮ್ಮನಿರುವುದೇ ವಾಸಿಯೇ?

ಸುಮ್ಮನಿರಬೇಡಿ, ಬರೆಯಿರಿ. ಏನು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿದ್ದರೆ ಆಯಿತು.

ಮೊದಲ ಕೀಮೋಗೆ ಹೊರಟವರ ಕೈಯಲ್ಲಿ ಅಡ್ಡಪರಿಣಾಮಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ವಾಂತಿ, ಸುಸ್ತು, ಬಾಯಿಹುಣ್ಣು, ಕೂದಲು ಉದುರುವುದು. ಪಟ್ಟಿಯಲ್ಲಿ ಇಲ್ಲದ್ದು ಅದಕ್ಕಿಂತ ಹೆಚ್ಚು. ಸುಸ್ತು ಔಷಧಿ ಹಾಕಿಸಿಕೊಂಡ ದಿನವೇ ಬರುತ್ತದೋ, ಎರಡು ದಿನ ಬಿಟ್ಟು ಬರುತ್ತದೋ? ಎರಡು ಮೂರು ವಾರಕ್ಕೆ ಕೂದಲು ಕೈಗೆ ಬರತೊಡಗುವವರೆಗೆ ಕಾಯುವುದೋ, ಮೊದಲೇ ಬೋಳಿಸಿಕೊಳ್ಳುವುದೋ? ಮಕ್ಕಳಿಗೆ ಹೇಗೆ ಹೇಳುವುದು? ಇಂಥವನ್ನು ಕೇಳಬೇಕಾದದ್ದು ಅದನ್ನೆಲ್ಲ ಅನುಭವಿಸಿದವರನ್ನೇ.

ಇದು ಇಂಟರ್‌ನೆಟ್ ಬಂದ ಮೇಲೆ ಶುರುವಾದದ್ದೇನಲ್ಲ. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬವರಿಗೆ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಬಿಗಿದುಕೊಂಡ ತೋಳನ್ನು ಮತ್ತೆ ಮೇಲೆತ್ತುವುದು ಹೇಗೆ, ಬಟ್ಟೆಯೊಳಗೆ ಏನು ಧರಿಸುವುದು ಎಂದು ಹೇಳುವವರು ಯಾರೂ ಇರಲಿಲ್ಲ. ಅವರು ತಾವೇ ಕಲಿತು, ಅದೇ ಶಸ್ತ್ರಚಿಕಿತ್ಸೆಯಾದ ಬೇರೆ ಹೆಂಗಸರನ್ನು ಆಸ್ಪತ್ರೆಯಲ್ಲೇ ಕಂಡು ಹೇಳಿಕೊಡತೊಡಗಿದರು. ಕೆಲವು ಡಾಕ್ಟರರಿಗೆ ಇದು ಹಿಡಿಸಲಿಲ್ಲ. ಆದರೂ ‘ರೀಚ್ ಟು ರಿಕವರಿ’ ಎಂಬ ಹೆಸರಿನ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ವಹಿಸಿಕೊಂಡಿತು.

ನೀವು ಬರೆಯಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಚಿಕಿತ್ಸೆ ಮುಗಿದು ಚೆನ್ನಾಗಿರುವವರು ಕ್ರಮೇಣ ಗುಂಪು ಬಿಟ್ಟು ತಮ್ಮ ಪಾಡಿಗೆ ಹೋಗುತ್ತಾರೆ. ತೊಂದರೆಯಲ್ಲಿರುವವರು ಉಳಿದು ಬರೆಯುತ್ತಾರೆ. ಹೊಸಬರು ಬಂದು ಓದಿದರೆ ಎಲ್ಲರಿಗೂ ಎಲ್ಲವೂ ಕೆಟ್ಟದ್ದೇ ಆಗುತ್ತದೆ ಅನ್ನಿಸುತ್ತದೆ. ‘ನನ್ನದು ಮುಗಿಯಿತು, ಈಗ ಕೆಲಸಕ್ಕೆ ಹೋಗುತ್ತಿದ್ದೇನೆ’ ಎಂಬ ಒಂದು ಸಾಲಿಗೆ ಅಲ್ಲಿ ಎಷ್ಟು ಬೆಲೆಯಿದೆ ಅನ್ನುವುದು ನಿಮಗೇ ಗೊತ್ತಿರುತ್ತದೆ.

ಇನ್ನು ನಿಮ್ಮ ಭಯ. ಅದರಲ್ಲಿ ಅರ್ಥವಿದೆ. ಫ್ಲೋರೋಯುರಾಸಿಲ್ ಎಂಬ ಔಷಧಿಯನ್ನು ಕೆಲವೇ ನಿಮಿಷದಲ್ಲಿ ನರಕ್ಕೆ ಚುಚ್ಚಿ ಕೊಡುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡು ಚೀಪುತ್ತಿದ್ದರೆ ಬಾಯಿಹುಣ್ಣು ಕಡಿಮೆಯಾಗುತ್ತದೆ. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗಿ, ಔಷಧಿ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಡಾಕ್ಟರರೂ ಒಪ್ಪಿದ ಉಪಾಯ ಇದು. ನೀವು ಗುಂಪಿನಲ್ಲಿ ‘ಐಸ್ ಚೀಪಿ, ತುಂಬಾ ಒಳ್ಳೆಯದು’ ಎಂದು ಬರೆದಿರಿ ಎನ್ನೋಣ. ಅದನ್ನು ಕರುಳಿನ ಕ್ಯಾನ್ಸರಿನವರೊಬ್ಬರು ಓದುತ್ತಾರೆ. ಅವರಿಗೂ ಫ್ಲೋರೋಯುರಾಸಿಲ್ ಇದೆ, ಜೊತೆಗೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿಯೂ ಇದೆ. ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರಿಗೆ ತಣ್ಣನೆಯದು ತಾಗಿದರೆ ಕೈಬೆರಳು, ತುಟಿ ಜುಮ್ಮೆನ್ನುತ್ತವೆ. ತಣ್ಣಗಿನದು ಕುಡಿದರೆ ಗಂಟಲು ಬಿಗಿದು ಉಸಿರೇ ಸಿಕ್ಕದಂತಾಗಬಹುದು. ಫ್ರಿಜ್ಜಿಗೆ ಕೈಹಾಕುವಾಗಲೂ ಗ್ಲೌಸ್ ತೊಡುವವರು ಅವರು. ನೀವು ಸುಳ್ಳೇನೂ ಹೇಳಲಿಲ್ಲ. ನಿಮಗಿದ್ದ ಔಷಧಿ ಯಾವುದು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಅದಕ್ಕೇ ಯಾವ ಅನುಭವ ಬರೆದರೂ ಅದರ ಜೊತೆಗೆ ಯಾವ ಕ್ಯಾನ್ಸರ್, ಯಾವ ಔಷಧಿ, ಎಷ್ಟನೇ ಸೈಕಲ್ (ಎಷ್ಟನೇ ಸುತ್ತಿನ ಔಷಧಿ) ಅನ್ನುವುದೂ ಇರಲಿ. ‘ನನಗೆ ಇಂಥ ಔಷಧಿ ಇತ್ತು, ಹೀಗೆ ಮಾಡಿದೆ, ಉಪಯೋಗವಾಯಿತು, ನಿಮ್ಮ ಔಷಧಿಗೆ ಇದು ಆಗುತ್ತದಾ ಅಂತ ನರ್ಸನ್ನು ಒಮ್ಮೆ ಕೇಳಿ’ ಅಂದರೆ ಸಾಕು. ಸ್ತನ ಕ್ಯಾನ್ಸರ್ ಅನ್ನುವುದೂ ಒಂದೇ ಕಾಯಿಲೆಯಲ್ಲ. ಹಾರ್ಮೋನಿಗೆ ಸ್ಪಂದಿಸುವ ಬಗೆ, ಹರ್2 ಎಂಬ ಪ್ರೋಟೀನ್ ಹೆಚ್ಚಿರುವ ಹರ್2 ಪಾಸಿಟಿವ್, ಇವೆರಡೂ ಅಲ್ಲದ ಟ್ರಿಪಲ್ ನೆಗೆಟಿವ್ ಹೀಗೆ ಬೇರೆ ಬೇರೆ. ಸ್ಟೇಜ್ ಒಂದೇ ಇದ್ದರೂ ಚಿಕಿತ್ಸೆ ಒಂದೇ ಇರಬೇಕಿಲ್ಲ. ‘ನನಗೆ ಕೀಮೋ ಕೊಡಲೇ ಇಲ್ಲವಲ್ಲ, ನಿಮಗ್ಯಾಕೆ?’ ಎಂದು ಯಾರೋ ಸಹಜವಾಗಿ ಕೇಳಿದ್ದು ಓದಿದವರ ನಿದ್ದೆಗೆಡಿಸುತ್ತದೆ.

ಅನುಭವವನ್ನು ಬದಿಗಿಡಬೇಕಾದ ಸಂದರ್ಭಗಳೂ ಇವೆ. ಕೀಮೋ ನಡೆಯುತ್ತಿರುವವರು ‘ಜ್ವರ ಬಂದಿದೆ, ಪ್ಯಾರಸಿಟಮಾಲ್ ತಗೊಳ್ಳಲಾ?’ ಎಂದು ಕೇಳಿದರೆ ಉತ್ತರ ಒಂದೇ: ಈಗಲೇ ಆಸ್ಪತ್ರೆಗೆ ಫೋನ್ ಮಾಡಿ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರವನ್ನು ತುರ್ತು ಸ್ಥಿತಿ ಎಂದೇ ನೋಡಬೇಕು. ಮಾತ್ರೆ ನುಂಗಿದರೆ ಜ್ವರ ಇಳಿದಂತೆ ಕಂಡು ಸೋಂಕು ಒಳಗೇ ಬೆಳೆಯಬಹುದು. ‘ನನಗೂ ಬಂದಿತ್ತು, ತಾನಾಗಿಯೇ ಹೋಯಿತು’ ಎಂಬ ಮಾತು ಇಲ್ಲಿ ಬೇಡವೇ ಬೇಡ.

ಚಿಕಿತ್ಸೆ ಬಿಟ್ಟು ಬೇರೇನೋ ಸೇವಿಸಿ ವಾಸಿಯಾಯಿತು ಅನ್ನುವ ಪೋಸ್ಟುಗಳನ್ನು ಅಡ್ಮಿನ್‌ಗೆ ತಿಳಿಸಿ, ವಾದಕ್ಕೆ ಇಳಿಯಬೇಡಿ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗಿಂತ ಹೆಚ್ಚು.

ನನಗೆ ಹೆಚ್ಚು ಕಿರಿಕಿರಿಯಾಗುವುದು ‘ಪಾಸಿಟಿವ್ ಆಗಿರಿ, ಎಲ್ಲ ಸರಿಹೋಗುತ್ತದೆ’ ಎಂಬ ಮಾತು. 1989ರಲ್ಲಿ ಡೇವಿಡ್ ಸ್ಪೀಗೆಲ್ ಎಂಬ ಮನೋವೈದ್ಯರ ಅಧ್ಯಯನವೊಂದು ಹೊರಬಂತು. ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದು, ವಾರವಾರ ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದ ಹೆಂಗಸರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಂಡಿತು. ದೊಡ್ಡ ಸುದ್ದಿಯಾಯಿತು. 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ಮತ್ತು ಸಂಗಡಿಗರು 235 ಮಂದಿಯಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿದಾಗ ಆಯುಷ್ಯವೇನೂ ಹೆಚ್ಚಲಿಲ್ಲ. ಆದರೆ ಮನಸ್ಸಿನ ಸಂಕಟ ಇಳಿದಿತ್ತು, ನೋವು ಕಾಡುವುದೂ ತಗ್ಗಿತ್ತು. ಅಷ್ಟಾದರೆ ಕಡಿಮೆಯೇ? ಮನಸ್ಸು ಗಟ್ಟಿ ಇದ್ದರೆ ಕಾಯಿಲೆ ಓಡುತ್ತದೆ ಎಂದು ನಂಬಿಸಿದರೆ, ಕಾಯಿಲೆ ಮರಳಿದವರು ತಮ್ಮ ಮನಸ್ಸನ್ನೇ ದೂರುತ್ತಾ ಕೂರುತ್ತಾರೆ. ‘ಭಯ ಆಗುವುದು ಸಹಜ. ರಿಪೋರ್ಟ್ ಬಂದ ವಾರ ನನಗೂ ಊಟ ಸೇರುತ್ತಿರಲಿಲ್ಲ. ಮುಂದಿನ ಅಪಾಯಿಂಟ್‌ಮೆಂಟ್ ಯಾವಾಗ?’ ಎಂದು ಕೇಳಿ. ‘ನಾನು ಬದುಕುತ್ತೇನಾ?’ ಎಂದು ನೇರವಾಗಿಯೇ ಕೇಳಿದರೆ ‘ನನಗೆ ಗೊತ್ತಿಲ್ಲ, ಆದರೆ ಈ ರಾತ್ರಿ ನಾನು ಇಲ್ಲೇ ಇರುತ್ತೇನೆ’ ಅನ್ನಬಹುದು.

ಸಹಾಯ ಪಡೆಯುವವರಿಗೂ ಒಂದು ಮಾತು. 2007ರಲ್ಲಿ ಅಮೆರಿಕದ ಡೇವ್ ಡಿಬ್ರಾಂಕಾರ್ಟ್ ಅವರಿಗೆ ಹರಡಿದ ಮೂತ್ರಪಿಂಡದ ಕ್ಯಾನ್ಸರ್ ಪತ್ತೆಯಾದಾಗ, ಅವರ ಡಾಕ್ಟರೇ ರೋಗಿಗಳ ಆನ್‌ಲೈನ್ ಗುಂಪಿಗೆ ಸೇರಲು ಹೇಳಿದರು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಹೈ ಡೋಸ್ ಇಂಟರ್‌ಲ್ಯೂಕಿನ್ ಎಂಬ ಚಿಕಿತ್ಸೆ ಕೆಲವರಿಗೆ ಫಲಿಸುತ್ತದೆ ಎಂದು ಅಲ್ಲಿದ್ದವರು ತಿಳಿಸಿ, ಅದನ್ನು ಕೊಡುವ ಡಾಕ್ಟರರ ಹೆಸರುಗಳನ್ನೂ ಕೊಟ್ಟರು. ಅಡ್ಡಪರಿಣಾಮಗಳನ್ನು ಹೇಗೆ ಎದುರಿಸಿದೆವು ಎಂದೂ ಹೇಳಿದರು. ಡೇವ್ ಆ ಮಾತನ್ನು ಡಾಕ್ಟರರ ಮುಂದಿಟ್ಟು ಚಿಕಿತ್ಸೆ ಪಡೆದರು, ಗುಣವಾದರು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಗುಂಪಿನಿಂದ ಡಾಕ್ಟರರ ಬಳಿಗೆ ಒಯ್ಯುವ ಪ್ರಶ್ನೆ ಸಿಕ್ಕರೆ ಅದೇ ದೊಡ್ಡದು. ರಿಪೋರ್ಟಿನ ಫೋಟೋ ಹಾಕುವುದಿದ್ದರೆ ಹೆಸರು, ಆಸ್ಪತ್ರೆ ನಂಬರ್ ಮರೆಮಾಡಿ. ಏನೂ ಬರೆಯದೆ ಓದುತ್ತಾ ಇದ್ದರೂ ತಪ್ಪಿಲ್ಲ.

ನಿಮ್ಮ ಸ್ಕ್ಯಾನ್ ಹತ್ತಿರ ಬಂದಾಗಲೋ, ದಿನಾ ಮಾತಾಡುತ್ತಿದ್ದವರೊಬ್ಬರು ತೀರಿಕೊಂಡಾಗಲೋ ಗುಂಪಿನ ನೋಟಿಫಿಕೇಷನ್ ಆಫ್ ಮಾಡಿ. ‘ಕೆಲವು ದಿನ ಬರುವುದಿಲ್ಲ’ ಎಂದು ಹೇಳಿ ಹೋದರೆ ಇನ್ನೂ ಒಳ್ಳೆಯದು, ಕಾಣದಿದ್ದರೆ ಉಳಿದವರು ಗಾಬರಿಯಾಗುತ್ತಾರೆ. ಯಾರಾದರೂ ಸಾಯುವ ಮಾತಾಡಿದರೆ ಒಬ್ಬರೇ ಹೊತ್ತುಕೊಳ್ಳಬೇಡಿ. ತಕ್ಷಣ ಅಡ್ಮಿನ್‌ಗೆ ತಿಳಿಸಿ, ಅವರ ಮನೆಯವರಿಗೋ ಸಹಾಯವಾಣಿಗೋ ಸುದ್ದಿ ಮುಟ್ಟುವಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಜಾಗ್ರತೆ ಮಾಡಿಯೂ ತಪ್ಪು ಹೇಳಿದ್ದೀರಿ ಎಂದು ಗೊತ್ತಾದರೆ, ಪೋಸ್ಟನ್ನು ಸದ್ದಿಲ್ಲದೆ ಅಳಿಸಬೇಡಿ. ಓದಿಹೋದವರಿಗೆ ಅದು ಅಳಿದದ್ದು ತಿಳಿಯುವುದೇ ಇಲ್ಲ. ಅದರ ಕೆಳಗೇ ‘ಮೇಲೆ ಬರೆದದ್ದು ಸರಿಯಲ್ಲ, ಸರಿಯಾದದ್ದು ಹೀಗೆ’ ಎಂದು ತಾರೀಕು ಹಾಕಿ ಬರೆಯಿರಿ. ಕೇಳಿದವರಿಗೆ ಒಂದು ಖಾಸಗಿ ಮೆಸೇಜನ್ನೂ ಕಳಿಸಿ.