ಮದ್ದಿಗೂ ಚಳಿಯಾಗುತ್ತದೆ

ದೀಪಾವಳಿಗೆ ಮುಂಚೆ ಪಟಾಕಿಯನ್ನು ಬಿಸಿಲಿಗೆ ಹರಡಿದ್ದು ನೆನಪಿದೆ ಅಲ್ವಾ? ತೇವ ಹಿಡಿದರೆ ಠುಸ್ ಅನ್ನುತ್ತದೆ ಅಂತ ಭಯ. ಆದರೆ ಫಿರಂಗಿಯ ಮದ್ದನ್ನು ಹಾಗೆ ಸುಮ್ನೆ ಬಿಸಿಲಿಗೆ ಬಿಟ್ಟರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ನಳಿಗೆಯಿಂದ ದಬ್ಬುತ್ತದೆ. ಬಿಸಿಯಾದ ಮದ್ದು ಬೇಗ ಉರಿಯುತ್ತದೆ. ಒತ್ತಡ ಜಾಸ್ತಿ, ವೇಗವೂ ಜಾಸ್ತಿ. ತಣ್ಣಗಿದ್ದರೆ ಗುಂಡು ಗುರಿ ಮುಟ್ಟುವ ಮುಂಚೆಯೇ ನೆಲಕ್ಕೆ ಬೀಳುತ್ತದೆ. ಅಮೆರಿಕದ ಫಿರಂಗಿಗಳ ಫೈರಿಂಗ್ ಟೇಬಲ್‌ನಲ್ಲಿ, ಅಂದರೆ ಗುಂಡು ಎಷ್ಟು ದೂರ ಬೀಳುತ್ತದೆ ಎಂದು ತೋರಿಸುವ ಕೋಷ್ಟಕದಲ್ಲಿ, ಮದ್ದಿನ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು ಲೆಕ್ಕ ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚುಕಡಿಮೆಯಾದರೆ ತಿದ್ದಬೇಕು. ಹಾಗಾಗಿ ಫಿರಂಗಿಯವರು ಮದ್ದಿಗೂ ಥರ್ಮಾಮೀಟರ್ ಇಟ್ಟು ನೋಡುತ್ತಾರೆ, ಜ್ವರ ಬಂದ ಮಗುವಿಗೆ ಇಟ್ಟ ಹಾಗೆ.

ಗುಂಡು ನಳಿಗೆ ದಾಟಿದ ಮೇಲೆ ಗಾಳಿಯ ಆಟ ಶುರು. 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಸೇನೆಯ 155 ಮಿಲಿಮೀಟರ್ ಬೋಫೋರ್ಸ್‌ಗಳಿಗೆ ಎದುರಾದದ್ದು ಇದೇ. ಟೈಗರ್ ಹಿಲ್‌ನ ಎತ್ತರ ಸುಮಾರು 5,000 ಮೀಟರ್. ಅಲ್ಲಿ ಗಾಳಿಯ ದಟ್ಟಣೆ ಸಮುದ್ರ ಮಟ್ಟದಲ್ಲಿ ಇರುವುದರ ಶೇ. 60ರಷ್ಟು ಮಾತ್ರ. ತಡೆಯುವ ಗಾಳಿ ಕಡಿಮೆ, ಹಾಗಾಗಿ ಗುಂಡು ಬಯಲಿಗಿಂತ ದೂರ ಹೋಗುತ್ತದೆ. ಚಳಿ ಹಿಡಿದ ಮದ್ದು ಗುಂಡನ್ನು ಹತ್ತಿರ ಬೀಳಿಸಿದರೆ, ತೆಳು ಗಾಳಿ ದೂರ ಒಯ್ಯುತ್ತದೆ. ಅಷ್ಟು ಎತ್ತರದಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಗಾಳಿಯೇ. 'ದೂರ ಹೋದರೆ ಒಳ್ಳೇದೇ ಅಲ್ವಾ' ಅನ್ನಬೇಡಿ. ಶತ್ರು ಕೂತಿರುವುದು ಕತ್ತಿಯ ಅಲಗಿನಂಥ ಶಿಖರದ ಮೇಲೆ. ಗುಂಡು ಸ್ವಲ್ಪ ಮೇಲಾದರೂ ಸಾಕು, ಗುಡ್ಡ ದಾಟಿ ಆಚೆ ಕಣಿವೆಗೆ ಬಿತ್ತು. ಬಯಲಿಗೆಂದು ಬರೆದ ಕೋಷ್ಟಕ ಇಲ್ಲಿ ಹಾಗೇ ನಡೆಯುವುದಿಲ್ಲ. ಮೇಲಿನ ಗಾಳಿಯ ವೇಗ, ಉಷ್ಣತೆ ತಿಳಿಯಲು ಫಿರಂಗಿ ದಳಗಳು ಬಲೂನು ಹಾರಿಸುವುದೂ ಇದಕ್ಕೇ.

ತೆಳು ಗಾಳಿಯನ್ನು ಬೇಕೆಂದೇ ಹುಡುಕಿಕೊಂಡು ಹೋದವರೂ ಇದ್ದಾರೆ. 1918ರಲ್ಲಿ ಜರ್ಮನರ 'ಪ್ಯಾರಿಸ್ ಗನ್' ಗುಂಡನ್ನು ಸುಮಾರು 40 ಕಿಲೋಮೀಟರ್ ಮೇಲಕ್ಕೆ ಹಾರಿಸಿ, 120 ಕಿಲೋಮೀಟರ್ ಆಚೆಯ ಪ್ಯಾರಿಸ್‌ಗೆ ಬೀಳಿಸುತ್ತಿತ್ತು.

ಉಗ್ರಾಣದಲ್ಲಿ ಸುಮ್ಮನೆ ಕೂತ ಮದ್ದಿನ ಕತೆಯೇ ಬೇರೆ. ಹೊಗೆ ಕಡಿಮೆಯಿರುವ ಮದ್ದಿನಲ್ಲಿರುವ ನೈಟ್ರೋಸೆಲ್ಯುಲೋಸ್ ಎಂಬ ರಾಸಾಯನಿಕ ತಾನಾಗಿಯೇ ನಿಧಾನವಾಗಿ ಕೆಡುತ್ತದೆ. ಸೆಕೆ ಹೆಚ್ಚಿದರೆ ಇನ್ನೂ ಬೇಗ. ಕೆಡುವಾಗ ಅದೇ ಶಾಖ ಬಿಡುತ್ತದೆ, ಆ ಶಾಖ ಇನ್ನಷ್ಟು ಕೆಡಿಸುತ್ತದೆ. 1911ರ ಸೆಪ್ಟೆಂಬರ್ 25ರಂದು ಫ್ರಾನ್ಸಿನ ಟೂಲೋನ್ ಬಂದರಿನಲ್ಲಿ 'ಲಿಬರ್ತೆ' ಯುದ್ಧನೌಕೆ ಸ್ಫೋಟಿಸಿ ಸುಮಾರು 300 ಜನ ಸತ್ತರು. ಯುದ್ಧವೇ ಇರಲಿಲ್ಲ. ಕೆಟ್ಟ ಮದ್ದೇ ಕಾರಣ ಎಂದು ಗೊತ್ತಾಯಿತು. ಆಮೇಲೆ ಮದ್ದು ಕೆಡದಂತೆ ತಡೆಯಲು ಡೈಫಿನೈಲಮೀನ್ ಎಂಬ ರಾಸಾಯನಿಕ ಬೆರೆಸುವುದು ಫ್ರಾನ್ಸಿನಲ್ಲೂ ರೂಢಿಗೆ ಬಂತು.