ಬೆಂಗಳೂರಿನ ಹಸಿ ಕಸ: ಗುಂಡಿಯಿಂದ ಗುಡ್ಡಕ್ಕೆ, ಗುಡ್ಡದಿಂದ ಕುಂಡಕ್ಕೆ

ಕೃಷಿ ಪದವಿಯ ಕಾಂಪೋಸ್ಟ್ ಪಾಠದಲ್ಲಿ ಎರಡು ಪದ್ಧತಿಗಳು ತಪ್ಪದೆ ಬರುತ್ತವೆ: ಕಸವನ್ನು ಆಗಾಗ ಮಗುಚುವ ಇಂದೋರ್ ಪದ್ಧತಿ ಮತ್ತು ಬೆಂಗಳೂರು ಪದ್ಧತಿ. ಎರಡನೆಯದನ್ನು 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದರು. ಊರಿನ ಕಸವನ್ನೂ ಮಲವನ್ನೂ ಉದ್ದನೆಯ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಎಂಟು-ಹತ್ತು ದಿನ ಬಿಸಿಯೇರಲು ಬಿಟ್ಟು, ಕುಸಿದ ಮೇಲೆ ಮಣ್ಣು ಮೆತ್ತಿ ಮುಚ್ಚುವುದು. ಮಗುಚುವ ಕೆಲಸವಿಲ್ಲ, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಆ ಕಾಲದ ಪುರಸಭೆಗಳಿಗೆ ಹೇಳಿ ಮಾಡಿಸಿದಂಥ ಉಪಾಯ. ಕೂಲಿ ಕಡಿಮೆ ಸಾಕು, ಜಾಗಕ್ಕೆ ಬರವಿರಲಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಕಸದಲ್ಲಿ ಕೊಳೆಯದ ವಸ್ತು ಅಷ್ಟಾಗಿ ಇರಲಿಲ್ಲ.

ಅಂದರೆ ಗೊಬ್ಬರ ಮಾಡುವ ವಿದ್ಯೆ ಈ ಊರಿಗೆ ಹೊಸದಲ್ಲ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಸುತ್ತಲಿನ ರೈತರು ನಗರದ ಕಸವನ್ನು ಹೊಲಕ್ಕೆ ಒಯ್ಯುತ್ತಿದ್ದರು. ಕೆಟ್ಟಿದ್ದು ಬೆರಕೆಯಿಂದ. ಪ್ಲಾಸ್ಟಿಕ್ ಚೀಲ, ಗಾಜಿನ ಚೂರು, ಬ್ಯಾಟರಿ ಎಲ್ಲ ಒಂದೇ ಬುಟ್ಟಿಗೆ ಬಿದ್ದ ಮೇಲೆ ರೈತನಿಗೆ ಅದು ಬೇಡವಾಯಿತು, ಲಾರಿಗಳು ನಗರದಾಚೆ ಕಸ ಸುರಿಯುವ ಹಳ್ಳಿಗಳಾದ ಮಾವಳ್ಳಿಪುರ, ಮಂಡೂರಿನ ದಾರಿ ಹಿಡಿದವು. ಗಂಟು ಕಟ್ಟಿದ ಚೀಲದೊಳಗಿನ ಹಸಿ ಕಸಕ್ಕೆ ಗಾಳಿ ಸಿಗುವುದಿಲ್ಲ. ಅದು ಗೊಬ್ಬರವಾಗದೆ ಕೊಳೆತು ಮೀಥೇನ್ ಬಿಡುತ್ತದೆ, ಕಪ್ಪು ರಸ ಅಂತರ್ಜಲಕ್ಕೆ ಇಳಿಯುತ್ತದೆ.

ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲವಾಗಿ 2000ದಲ್ಲಿ ದೇಶಕ್ಕೆ ಕಸದ ನಿಯಮಗಳು ಬಂದವು. ಕಾಗದದ ಮೇಲೆ ವಿಂಗಡಣೆ ಅಂದೇ ಇತ್ತು. ಬೆಂಗಳೂರಿಗೆ ಬಿಸಿ ತಟ್ಟಿದ್ದು ಮಾತ್ರ 2012ರಲ್ಲಿ, ಮಾವಳ್ಳಿಪುರದ ಬಾಗಿಲು ಮುಚ್ಚಿ ಬೀದಿಗಳಲ್ಲಿ ಕಸ ರಾಶಿಬಿದ್ದಾಗ. ಆ ಅಕ್ಟೋಬರ್‌ನಿಂದ ವಿಂಗಡಣೆ ಕಡ್ಡಾಯವಾಯಿತು. 2014ರಲ್ಲಿ ಮಂಡೂರಿನವರು ಲಾರಿ ತಡೆದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಪ್ಯಾಡಿನಂಥ ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಹಳ್ಳಿಯವರು ದುರ್ನಾತ ತಿಂದು ದಂಗೆಯೆದ್ದ ಮೇಲಷ್ಟೇ ನಗರಕ್ಕೆ ಬುದ್ಧಿ ಬಂತೆನ್ನುವುದು ಕಹಿಯಾದರೂ ನಿಜ.

ಇದಕ್ಕೆ ಮೊದಲೇ ಕೆಲವರು ಮನೆಯಲ್ಲಿ ದಾರಿ ಹುಡುಕಿಕೊಂಡಿದ್ದರು. ಬೆಂಗಳೂರಿನ ಡೇಲಿ ಡಂಪ್ ಸಂಸ್ಥೆ 2006ರಲ್ಲಿ ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳ 'ಖಂಬಾ' ತಂದಿತು. ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಪಾಠ ಹೇಳುತ್ತ ಬಂದಿದ್ದರು. 2011ರಲ್ಲಿ ತಾರಸಿ ತೋಟಗಾರರ 'ಊಟ ಫ್ರಮ್ ಯುವರ್ ತೋಟ' ಸಂತೆ ಶುರುವಾಯಿತು.

ಮನೆಯ ಮಟ್ಟದಲ್ಲಿ ಲೆಕ್ಕ ಸುಲಭ. ನಾಲ್ಕು ಜನರ ಅಡುಗೆಮನೆಯಿಂದ ದಿನಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ ಹಸಿ ಕಸ. ಅದನ್ನು ಎರಡು ಇಂಚಿಗೆ ಕತ್ತರಿಸಿ, ಒಂದು ಬಟ್ಟಲು ಕಸಕ್ಕೆ ಒಂದು ಬಟ್ಟಲು ಪುಡಿ ಮಾಡಿದ ಒಣ ಎಲೆ, ಇಲ್ಲವೇ ಮೂರನೆಯ ಒಂದು ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಬೇಕು. ಮೊದಲ ಸಲ ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೆ ಗೊಬ್ಬರ ಹಾಕಿದರೆ ಹೆಪ್ಪಿಗೆ ಸಾಕು. ಬುಟ್ಟಿಗೆ ಕೆಳಗೂ ಪಕ್ಕದಲ್ಲೂ ತೂತುಗಳಿರಲಿ. ಮೂರು ದಿನಕ್ಕೊಮ್ಮೆ ಕೆದಕಿ. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ನೀರು ಸುರಿದರೆ ಒದ್ದೆ ಹೆಚ್ಚಾಯಿತು, ಉದುರಿದರೆ ಕಡಿಮೆಯಾಯಿತು.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಮೂಗಿಗೆ ಹೊಡೆಯುವ ಅಮೋನಿಯಾ ಬಂದರೆ ಸಾರಜನಕ ಹೆಚ್ಚು. ಎರಡಕ್ಕೂ ಮದ್ದು ಒಣ ಎಲೆ. ದಪ್ಪನೆಯ ಬೂದು ಹುಳು ಕಂಡು ಕಿರುಚಬೇಕಿಲ್ಲ: ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಕಸ ತಿಂದು ಕರಗಿಸುತ್ತದೆ. ಎಣ್ಣೆ ಜಿಡ್ಡಿನ ಸಾರು, ಮೂಳೆ ಮಾತ್ರ ಬೇಡ. ಎಲೆಯಲ್ಲೂ ತರತಮವಿದೆ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತದೆ, ಮಾವು-ಮಹಾಗನಿಯ ತೊಗಲಿನಂಥ ಎಲೆ ಪುಡಿ ಮಾಡದಿದ್ದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಬೇಸಿಗೆ ಮೊದಲು ಬೀದಿಯಲ್ಲಿ ಸುಡುವ ಎಲೆಯನ್ನು ತಂತಿ ಬಲೆಯ ಬುಟ್ಟಿಯಲ್ಲಿ ಕೂಡಿಟ್ಟರೆ ವರ್ಷವಿಡೀ ಆಗುತ್ತದೆ.

ಅಪಾರ್ಟ್‌ಮೆಂಟುಗಳು ಎಡವುವುದು ಯಂತ್ರದ ವಿಷಯದಲ್ಲಿ. '24 ಗಂಟೆಯಲ್ಲಿ ಗೊಬ್ಬರ' ಎಂದು ಮಾರುವ ಯಂತ್ರಗಳು ಹೆಚ್ಚಿನಂಶ ಕಸವನ್ನು ಕಾಯಿಸಿ ಒಣಗಿಸುತ್ತವೆ, ಅಷ್ಟೇ. ಆ ಪುಡಿಗೆ ನೀರು ಬಿದ್ದರೆ ಬೂಷ್ಟು ಹಿಡಿಯುತ್ತದೆ, ನಾರುತ್ತದೆ, ಗಿಡದ ಬೇರನ್ನು ಸುಡುತ್ತದೆ. ಎರಡು ಜಾಲರಿ ತೊಟ್ಟಿಗಳು, ಒಬ್ಬ ನಂಬಿಕಸ್ತ ಕೆಲಸದಾಳು, ಬೇಕಾದಷ್ಟು ಎಲೆ ಇದ್ದರೆ ಕರೆಂಟ್ ಬಿಲ್ಲಿಲ್ಲದೆ ಎರಡು ಮೂರು ತಿಂಗಳಲ್ಲಿ ಕೆಲಸವಾಗುತ್ತದೆ. ಆ ಕೆಲಸದಾಳಿಗೆ ಸರಿಯಾದ ಸಂಬಳ ಕೊಡದೆ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವ ಸಂಘಗಳಿಗೆ ಏನನ್ನಬೇಕು?

ಈಗಿನ ಪ್ರಶ್ನೆ ಬೇರೆ: ಗೊಬ್ಬರ ಎಲ್ಲಿಗೆ? ನೂರು ಮನೆಗಳಿಂದ ದಿನಕ್ಕೆ 60 ಕಿಲೋ ಹಸಿ ಕಸವೆಂದರೂ, ಅದು ಕಾಲು ಭಾಗಕ್ಕೆ ಇಳಿದು ವರ್ಷಕ್ಕೆ ಐದು ಟನ್ ಗೊಬ್ಬರ. ನೂರು ಕುಂಡಗಳಿಗೆ ವರ್ಷಕ್ಕೆ ಎರಡು ಸಲ ಎರಡೆರಡು ಕಿಲೋ ಹಾಕಿದರೂ ಮುಗಿಯುವುದು 400 ಕಿಲೋ. ತಾರಸಿಯಲ್ಲಿ ಮಡಿ ಕಟ್ಟೋಣವೆಂದರೆ ತೂಕದ ತಕರಾರು. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ 150 ಕಿಲೋ ಹೊರೆಯ ಲೆಕ್ಕ ಹಿಡಿಯುವುದು ವಾಡಿಕೆ. ಒಂದಡಿ ಆಳದ ಒದ್ದೆ ಕೆಮ್ಮಣ್ಣು ಅದರ ಮೂರು ಪಟ್ಟು ತೂಗುತ್ತದೆ. ಹಾಗಾಗಿ ಮಣ್ಣು, ಗೊಬ್ಬರ, ಕೋಕೋಪೀಟ್ ಸಮಪಾಲು ಬೆರೆಸಿದ ಹಗುರ ಮಿಶ್ರಣ, ಅದೂ ತೊಲೆಗಳ ಸಾಲಿನ ಮೇಲೆ. ಬಸಳೆ, ದಂಟು, ಮೆಂತ್ಯಕ್ಕೆ ಅರ್ಧ ಅಡಿ ಸಾಕು.

ಉಳಿದದ್ದು ನೆಲಕ್ಕೇ ಹೋಗಬೇಕು: ಬಡಾವಣೆಯ ಪಾರ್ಕು, ರಸ್ತೆಮರದ ಬುಡ, ಊರಾಚೆಯ ಹೊಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಾಂಪೋಸ್ಟಿನ ಶೇ 90ರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ತೇವ ಶೇ 15ರಿಂದ 25ರ ನಡುವೆ ಇರಬೇಕು. ಮಾಗಿದೆಯೋ ಇಲ್ಲವೋ ನೋಡಲು ಒಂದು ತಟ್ಟೆ ಗೊಬ್ಬರದಲ್ಲಿ ಇಪ್ಪತ್ತು ಮೆಂತ್ಯಕಾಳು ಬಿತ್ತಿ. ವಾರದೊಳಗೆ ಮುಕ್ಕಾಲು ಪಾಲು ಮೊಳೆಯದಿದ್ದರೆ ರಾಶಿಯನ್ನು ಇನ್ನೂ ಮೂರು ವಾರ ಬಿಡಬೇಕು. ರೈತ ಚೀಲ ಬಿಚ್ಚಿ ಮೊದಲು ಹುಡುಕುವುದು ಪ್ಲಾಸ್ಟಿಕ್ ಚೂರನ್ನು. ಒಂದು ಶಾಂಪೂ ಸ್ಯಾಶೆ ಕಂಡರೂ ಮುಂದಿನ ಲೋಡು ವಾಪಸ್.