ವೆಟ್ ವರ್ಕ್: ಸಲೂನ್ ಕೆಲಸದವರ ಕೈ ಹಾಳಾಗುವುದು ಇಲ್ಲಿಂದ

ಸಲೂನಿನಲ್ಲಿ ಕೈಗೆ ಇಸುಬು ಬಂದರೆ ಎಲ್ಲರೂ ಬೈಯುವುದು ಹೇರ್ ಡೈಯನ್ನು. ಆದರೆ ಬಹಳ ಸಲ ಅದಕ್ಕೂ ಮುಂಚೆಯೇ ಕೈ ಕೆಡಿಸಿರುವುದು ಬರೀ ನೀರು, ಶಾಂಪೂ. ಹೀಗೆ ಹೆಚ್ಚು ಹೊತ್ತು ಕೈ ಒದ್ದೆಯಾಗಿಯೇ ಇರುವ ಕೆಲಸಕ್ಕೆ ವೆಟ್ ವರ್ಕ್ ಅನ್ನುತ್ತಾರೆ. ಜರ್ಮನಿಯ ನಿಯಮದಲ್ಲಿ ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ನೀರಲ್ಲಿದ್ದರೆ ಅದು ವೆಟ್ ವರ್ಕ್. ಪದೇ ಪದೇ ಕೈ ತೊಳೆಯುವುದೂ ಈ ಲೆಕ್ಕಕ್ಕೆ ಬರುತ್ತದೆ.

ಆಗುವುದಿಷ್ಟು. ಚರ್ಮದ ಮೇಲಿನ ಎಣ್ಣೆ ಅಂಶ ತೊಳೆದು ಹೋಗುತ್ತದೆ, ಬೆರಳ ಸಂದು ಒಣಗಿ ಬಿರಿಯುತ್ತದೆ, ಉರಿ ಶುರುವಾಗುತ್ತದೆ. ಚಳಿಗೆ ಒಡೆದಿದೆ ಅಂತ ಸುಮ್ನೆ ಬಿಟ್ಟರೆ, ಆ ಬಿರುಕುಗಳಿಂದಲೇ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ, ಬ್ಲೀಚ್ ಪುಡಿಯಲ್ಲಿರುವ ಅಮೋನಿಯಂ ಪರ್ಸಲ್ಫೇಟ್ ಇನ್ನೂ ಸುಲಭವಾಗಿ ಒಳಗಿಳಿದು ಅಲರ್ಜಿ ತರಬಹುದು. ಬರೀ ನೀರಿನಿಂದ ಬಂದ ಉರಿ ಮೊದಮೊದಲು ಕೈಗೆ ಬಿಡುವು ಕೊಟ್ಟರೆ ಇಳಿಯುತ್ತದೆ. ಅಲರ್ಜಿ ಹಾಗಲ್ಲ, ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಆಮೇಲೆ ಚೂರೇ ಚೂರು ತಗುಲಿದರೂ ಸಾಕು. ಕೈ ಪಳಗಿದ ಕೆಲಸವನ್ನೇ ಬಿಟ್ಟವರಿದ್ದಾರೆ.

ಹೊಸಬರ ಗತಿ ಇನ್ನೂ ಕಷ್ಟ. ಕತ್ತರಿ ಕೈಗೆ ಸಿಗುವ ಮುಂಚೆ ತಲೆ ತೊಳೆಯುವ ಕೆಲಸ ಅವರ ಪಾಲಿಗೇ ಬರುತ್ತದೆ ಅಲ್ವಾ? ಅದಕ್ಕೇ ಕೈ ಕಾಪಾಡಿಕೊಳ್ಳುವ ತರಬೇತಿ ಮೊದಲ ವಾರವೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಡೆನ್ಮಾರ್ಕ್‌ನ 10 ತರಬೇತಿ ಶಾಲೆಗಳಲ್ಲಿ ಸುಮಾರು 500 ಕಲಿಯುವವರ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕೈ ಕಾಪಾಡಿಕೊಳ್ಳುವುದನ್ನು ಹೇಳಿಕೊಟ್ಟ ಗುಂಪಿನಲ್ಲಿ ಇಸುಬು ಬಂದವರು ಸುಮಾರು 19%, ಹೇಳಿಕೊಡದ ಗುಂಪಿನಲ್ಲಿ ಸುಮಾರು 28%.

ಕಲಿಸುವ ವಿಷಯಗಳು ಸಣ್ಣವೇ. ಉಂಗುರ ತೆಗೆದಿಡಿ, ಅದರ ಅಡಿಯಲ್ಲಿ ಶಾಂಪೂ ಉಳಿಯುತ್ತದೆ. ಮೊದಲು ಕೂದಲು ಕತ್ತರಿಸಿ, ಆಮೇಲೆ ಡೈ ಹಚ್ಚಿ. ಉಲ್ಟಾ ಮಾಡಿದರೆ ಆಗಷ್ಟೇ ಡೈ ಹಚ್ಚಿದ ಕೂದಲನ್ನು ಬರಿಗೈಯಲ್ಲಿ ಹಿಡಿದು ಕತ್ತರಿಸಬೇಕಾಗುತ್ತದೆ. ಡೈ ಹಚ್ಚುವಾಗ ಮಾತ್ರ ಅಲ್ಲ, ಅದನ್ನು ತೊಳೆಯುವಾಗಲೂ ನೈಟ್ರೈಲ್ ಗ್ಲೌಸ್ ಇರಲಿ, ಒಂದು ಜೊತೆ ಒಂದೇ ಸಲಕ್ಕೆ. ಉಳಿಸೋಣ ಅಂತ ತೊಳೆದು, ಒಳಗಿನದು ಹೊರಗೆ ಮಾಡಿ ಮತ್ತೆ ಹಾಕಿಕೊಂಡರೆ ಡೈಯನ್ನು ಚರ್ಮಕ್ಕೆ ಒತ್ತಿ ಕಟ್ಟಿದ ಹಾಗೆ. ಇನ್ನು ಬೆವರಿದ ಕೈಯೂ ಒದ್ದೆ ಕೈಯೇ, ಹಾಗಾಗಿ ಕೆಲಸ ಮುಗಿದ ಕೂಡಲೇ ಗ್ಲೌಸ್ ತೆಗೆದುಬಿಡಬೇಕು.

ನನಗೆ ತುಂಬಾ ಹಿಡಿಸಿದ್ದು ಕೈಗೆ ಕ್ರೀಮು ಸರಿಯಾಗಿ ಹಚ್ಚಿಕೊಳ್ಳುವ ಪಾಠ. ಹೊಳೆಯುವ ಕ್ರೀಮು ಹಚ್ಚಿಸಿ ಕೈಗಳನ್ನು ಯುವಿ ದೀಪದ ಕೆಳಗೆ ಹಿಡಿಸುತ್ತಾರೆ. ಅಂಗೈ ಪೂರ್ತಿ ಬೆಳಗುತ್ತದೆ. ಬೆರಳ ಸಂದು, ಉಗುರಿನ ಸುತ್ತ ಮಾತ್ರ ಕಪ್ಪು, ಅಂದರೆ ಅಲ್ಲಿಗೆ ಕ್ರೀಮು ತಲುಪಿಲ್ಲ. ಇಸುಬು ಶುರುವಾಗುವುದೂ ಹೆಚ್ಚಾಗಿ ಅಲ್ಲೇ.

ನಮ್ಮ ಕಡೆ ಎಷ್ಟೋ ಪಾರ್ಲರುಗಳಲ್ಲಿ ಡೈ ಹಚ್ಚುವವರೇ ಮೆಹಂದಿಯನ್ನೂ ಹಾಕುತ್ತಾರೆ. ಕಡುಕಪ್ಪು ಬಣ್ಣ ಕೊಡುವ ಮೆಹಂದಿಯಲ್ಲಿ ಅದೇ ಪಿಪಿಡಿ ಬೆರೆತಿರಬಹುದು, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಗಳನ್ನೋ ತಮ್ಮನನ್ನೋ ಬ್ಯೂಟಿಷಿಯನ್ ಕೋರ್ಸಿಗೆ ಸೇರಿಸುವವರಿದ್ದರೆ ಫೀಸು ಕಟ್ಟುವ ಮುಂಚೆ ಒಂದು ಮಾತು ಕೇಳಿ: ಗ್ಲೌಸ್ ಹಾಕುವುದು, ತೆಗೆಯುವುದು ಹೇಳಿಕೊಡ್ತೀರಾ, ಗ್ಲೌಸ್ ನೀವೇ ಕೊಡ್ತೀರಾ?